ಬೆರಳಿನ ಲಿಪಿ, ಸ್ವರದ ಪಾಠ: ಲ್ಯೂಟ್ ಮತ್ತು ಗಿಟಾರ್ ಸಂಗೀತದ ಸಂಪಾದನೆಯನ್ನು ಕುರಿತು

1

ಯೂರೋಪಿನ ಶಾಸ್ತ್ರೀಯ ಗಿಟಾರ್ ಸಂಗೀತ ಮತ್ತು ಅದಕ್ಕಿಂತ ಹಿಂದಿನ ಲ್ಯೂಟ್ ಸಂಗೀತವನ್ನು ಕುರಿತ ಅಧ್ಯಯನವು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ತಲೆಯೆತ್ತಿ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವ್ಯವಸ್ಥಿತವಾದ ಒಂದು ವಿದ್ವತ್‌ಶಾಖೆಯಾಗಿ ಬೆಳೆಯಿತು. ಮೇಲುನೋಟಕ್ಕೆ ಇದು ಸಂಗೀತಶಾಸ್ತ್ರಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯ. ಆದರೆ ಹಸ್ತಪ್ರತಿ, ಲಿಪ್ಯಂತರ, ಪಾಠನಿರ್ಣಯ, ಕರ್ತೃತ್ವ ಎಂಬ ಗ್ರಂಥಸಂಪಾದನೆಯ ನಾಲ್ಕು ಮೂಲಸಮಸ್ಯೆಗಳೂ ಈ ಕ್ಷೇತ್ರದಲ್ಲಿ ಬಹಳ ತೀಕ್ಷ್ಣವಾದ ರೂಪದಲ್ಲಿ ಎದುರಾಗುತ್ತವೆ. ಆದ್ದರಿಂದ ಕನ್ನಡದ ಪ್ರಾಚೀನ ಪಠ್ಯಗಳೊಡನೆ ವ್ಯವಹರಿಸುವವರಿಗೂ ಈ ಚರ್ಚೆ ಅನ್ಯವಾಗಲಾರದು ಎಂದು ನಾವು ಭಾವಿಸಿದ್ದೇವೆ.

ಈ ಕ್ಷೇತ್ರದ ವಿದ್ವತ್ತು ಮೊದಲಿನಿಂದಲೂ ಇಬ್ಬರು ಯಜಮಾನರ ಸೇವೆಯನ್ನು ಮಾಡಬೇಕಾಯಿತು. ಒಂದು ಕಡೆ ಆಕರನಿಷ್ಠೆಯನ್ನು ಬೇಡುವ ಪಠ್ಯ. ಇನ್ನೊಂದು ಕಡೆ ವೇದಿಕೆಯ ಮೇಲೆ ನುಡಿಸಲು ಕೃತಿಗಳೂ ಹೇಳಿಕೊಳ್ಳಲು ಒಂದು ವಂಶಾವಳಿಯೂ ಬೇಕಾಗಿದ್ದ ವಾದಕ. ಇವರಿಬ್ಬರ ಬೇಡಿಕೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಕೆಲವು ಮುಖ್ಯ ಸಂಪಾದನೆಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಮ್ಮ ವಾದವನ್ನು ಮೊದಲೇ ಸಂಗ್ರಹವಾಗಿ ಹೇಳಬಹುದು: ಈ ಸಂಗೀತದಲ್ಲಿ ಸಂಪಾದಕನ ನಿರ್ಣಯವು ಪಠ್ಯದ ಹೊರಗೆ ನಿಲ್ಲುವುದಿಲ್ಲ, ಅದು ಪಠ್ಯದ ಒಂದು ಅಂಗವೇ ಆಗಿಬಿಡುತ್ತದೆ. ಆದ್ದರಿಂದ ಒಂದು ಸಂಪಾದನೆಯ ಬೆಲೆಯನ್ನು ಕಟ್ಟಬೇಕಾದುದು ಅದು ಮೂಲಕ್ಕೆ ಎಷ್ಟು ಹತ್ತಿರವಿದೆ ಎಂಬುದೊಂದರಿಂದಲೇ ಅಲ್ಲ; ತನ್ನ ನಿರ್ಣಯವನ್ನು ಓದುಗನ ಕಣ್ಣಿಗೆ ಎಷ್ಟು ಕಾಣಗೊಡುತ್ತದೆ ಎಂಬುದರಿಂದ.

2

ಲ್ಯೂಟ್ ಎಂಬುದು ಅರಬ್ಬರ ಊದ್ ವಾದ್ಯದಿಂದ ಬಂದ, ಉಬ್ಬಿದ ಬೆನ್ನಿನ, ಜೋಡಿ ಜೋಡಿಯಾಗಿ ಕರುಳಿನ ತಂತಿಗಳನ್ನು ಬಿಗಿದ ವಾದ್ಯ. ಇದರ ಸಂಗೀತವು ಮೊದಲ ಬಾರಿಗೆ ಅಚ್ಚಾದುದು 1507ರಲ್ಲಿ. ವೆನಿಸ್‌ನ ಮುದ್ರಕ ಒತಾವಿಯಾನೊ ಪೆತ್ರೂಚಿ ಆ ವರ್ಷ ಫ್ರಾಂಚೆಸ್ಕೊ ಸ್ಪಿನಾಚೀನೊನ ಎರಡು ಪುಸ್ತಕಗಳನ್ನು ಪ್ರಕಟಿಸಿದನು. ಸ್ಪೇನಿನಲ್ಲಿ ಲ್ಯೂಟಿನ ಸ್ಥಾನವನ್ನು ಪಡೆದಿದ್ದ, ಗಿಟಾರಿನ ಆಕಾರದ ವಿಹುವೆಲಾ ವಾದ್ಯಕ್ಕೆ ಲೂಯಿಸ್ ಮಿಲಾನನ ಪುಸ್ತಕ 1536ರಲ್ಲಿ ವಾಲೆನ್ಸಿಯಾದಲ್ಲಿ ಹೊರಬಂದಿತು. ಅಲ್ಲಿಂದ 1576ರವರೆಗೆ ಇಂತಹ ಏಳು ಪುಸ್ತಕಗಳು ಅಚ್ಚಾದುವು. ಅವುಗಳಲ್ಲಿ ಒಂದಾದ, ಆಲೋನ್ಸೊ ಮುದಾರಾನ 1546ರ ಸೆವಿಲ್ಯ ಮುದ್ರಣದಲ್ಲಿ ನಾಲ್ಕು ಜೋಡಿ ತಂತಿಗಳ ಗಿಟಾರಿಗೆಂದು ಬರೆದ ಕೆಲವು ರಚನೆಗಳಿವೆ; ಗಿಟಾರಿಗೆಂದು ಅಚ್ಚಾದ ಸಂಗೀತದಲ್ಲಿ ಇವು ಅತ್ಯಂತ ಹಳೆಯವು.

ಈ ಎಲ್ಲ ಪುಸ್ತಕಗಳ ಲಿಪಿ ನಮಗೆ ಪರಿಚಿತವಾದ ಪಂಚರೇಖೆಯ ಸ್ವರಲಿಪಿಯಲ್ಲ. ಟ್ಯಾಬ್ಲೇಚರ್ ಎಂಬ ಬೇರೊಂದು ಲಿಪಿ. ಇದರಲ್ಲಿ ಒಂದೊಂದು ಗೆರೆಯೂ ಒಂದೊಂದು ತಂತಿಯನ್ನು ಸೂಚಿಸುತ್ತದೆ. ಗೆರೆಯ ಮೇಲಿನ ಅಂಕಿ ಅಥವಾ ಅಕ್ಷರವು ಎಷ್ಟನೆಯ ಮೆಟ್ಟಿಲಿನಲ್ಲಿ ಬೆರಳನ್ನು ಊರಬೇಕೆಂಬುದನ್ನು ಹೇಳುತ್ತದೆ. ಮೇಲಿನ ಚಿಹ್ನೆಗಳು ಒಂದು ಮೀಟಿನಿಂದ ಮುಂದಿನ ಮೀಟಿಗೆ ಇರುವ ಕಾಲವನ್ನು ತಿಳಿಸುತ್ತವೆ. ಇಟಲಿಯ ಪದ್ಧತಿಯಲ್ಲಿ ಅಂಕಿಗಳಿದ್ದು, ಕೆಳಗಿನ ಗೆರೆ ಅತ್ಯಂತ ತಾರದ ತಂತಿಯಾಗಿರುತ್ತದೆ. ಫ್ರೆಂಚ್ ಪದ್ಧತಿಯಲ್ಲಿ ಅಕ್ಷರಗಳಿದ್ದು, ಮೇಲಿನ ಗೆರೆ ಅತ್ಯಂತ ತಾರದ್ದು. ಜರ್ಮನ್ ಪದ್ಧತಿಯಲ್ಲಿ ಗೆರೆಗಳೇ ಇಲ್ಲ. ತಂತಿ ಮತ್ತು ಮೆಟ್ಟಿಲು ಕೂಡುವ ಒಂದೊಂದು ಸ್ಥಾನಕ್ಕೂ ಒಂದೊಂದು ಪ್ರತ್ಯೇಕ ಚಿಹ್ನೆ. ಮಿಲಾನನಾದರೋ ಅಂಕಿಗಳನ್ನು ಬಳಸಿಯೂ ತಾರದ ತಂತಿಯನ್ನು ಮೇಲಕ್ಕೆ ಇಟ್ಟನು. ಲಿಪಿಯ ಪದ್ಧತಿಯನ್ನು ತಿಳಿಯದೆ ಓದಿದರೆ ಕೃತಿಯೇ ತಲೆಕೆಳಗಾಗುತ್ತದೆ.

ಈ ಲಿಪಿ ಹೇಳುವುದೇನು, ಹೇಳದೆ ಬಿಡುವುದೇನು ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ. ಒಂದು ಸ್ವರ ಯಾವಾಗ ಹುಟ್ಟುತ್ತದೆ ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ. ಆ ಸ್ವರ ಯಾವಾಗ ನಿಲ್ಲಬೇಕು ಎಂಬುದನ್ನು ಹೇಳುವುದಿಲ್ಲ. ಏಕಕಾಲದಲ್ಲಿ ಹಲವು ಧ್ವನಿಪಂಕ್ತಿಗಳು ಜೊತೆಜೊತೆಯಾಗಿ ನಡೆಯುವ ಸಂಗೀತದಲ್ಲಿ ಇದು ಸಣ್ಣ ಲೋಪವಲ್ಲ. ಯಾವ ಸ್ವರ ಯಾವ ಪಂಕ್ತಿಗೆ ಸೇರಿದ್ದು, ಯಾವುದು ತಂಗಿ ನಿಂತು ಮುಂದಿನದರೊಡನೆ ಬೆರೆಯಬೇಕು ಎಂಬುದನ್ನು ಓದುವವನೇ ಊಹಿಸಬೇಕಾಗುತ್ತದೆ. ಸುಮಾರು 1517ರಲ್ಲಿ ಬರೆದ, ಈಗ ಶಿಕಾಗೊ ನಗರದ ನ್ಯೂಬರಿ ಗ್ರಂಥಾಲಯದಲ್ಲಿರುವ ವಿಂಚೆಂಜೊ ಕಾಪಿರೋಲಾನ ಹಸ್ತಪ್ರತಿಯಲ್ಲಿ, ಊರಿದ ಬೆರಳನ್ನು ಮುಂದಿನ ಸ್ವರಕ್ಕೆ ಅಗತ್ಯ ಬೀಳುವವರೆಗೂ ಎತ್ತಬಾರದೆಂಬ ಉಪದೇಶವಿದೆ. ಲಿಪಿಯು ಹೇಳದ್ದನ್ನು ಗುರುವು ಮಾತಿನಲ್ಲಿ ಹೇಳಬೇಕಾಗಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಆದರೆ ಇದೇ ಲಿಪಿ ಇನ್ನೊಂದು ವಿಷಯದಲ್ಲಿ ತನ್ನ ಕಾಲದ ಇತರ ಲಿಪಿಗಳಿಗಿಂತ ಸ್ಪಷ್ಟವಾದಿ. ಹದಿನಾರನೆಯ ಶತಮಾನದ ಗಾಯನಸಂಗೀತದ ಲಿಪಿಯಲ್ಲಿ ಎಲ್ಲಿ ಸ್ವರವನ್ನು ಅರ್ಧ ಸ್ಥಾನ ಏರಿಸಬೇಕು, ಎಲ್ಲಿ ಇಳಿಸಬೇಕು ಎಂಬುದನ್ನು ಬಹಳ ಕಡೆ ಬರೆಯುತ್ತಿರಲಿಲ್ಲ. ಗಾಯಕನು ಅದನ್ನು ಸಂಪ್ರದಾಯದಿಂದ ಅರಿತಿರಬೇಕಿತ್ತು. ಅದೇ ಹಾಡನ್ನು ಲ್ಯೂಟಿಗೆ ಇಳಿಸಿದವನು ಮೆಟ್ಟಿಲಿನ ಸಂಖ್ಯೆಯನ್ನು ಬರೆಯಲೇಬೇಕಾದ್ದರಿಂದ ಅವನ ನಿರ್ಣಯ ಕಾಗದದ ಮೇಲೆ ಉಳಿಯಿತು. ಖಗೋಳವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲಿ ಹೀಗೆ ಇಳಿಸುವ ಕಲೆಯನ್ನೇ ಕುರಿತು 1568ರಲ್ಲಿ ಒಂದು ಗ್ರಂಥವನ್ನು ಬರೆದು, 1584ರಲ್ಲಿ ಪರಿಷ್ಕರಿಸಿದನು. ಗಾಯನಸಂಗೀತದ ಲುಪ್ತ ಸಂಪ್ರದಾಯವನ್ನು ಪುನಾರಚಿಸಲು ವಿದ್ವಾಂಸರು ಲ್ಯೂಟಿನ ಆಕರಗಳತ್ತ ತಿರುಗಿರುವುದು ಇದರಿಂದಲೇ. ಟ್ಯಾಬ್ಲೇಚರನ್ನು ಅಪೂರ್ಣ ಲಿಪಿಯೆಂದು ತಳ್ಳಿಹಾಕುವ ಹಳೆಯ ಅಭಿಪ್ರಾಯ ಆದ್ದರಿಂದ ಒಪ್ಪತಕ್ಕುದಲ್ಲ. ಒಂದೊಂದು ಲಿಪಿಯೂ ತನ್ನ ಬಳಕೆದಾರನಿಗೆ ಗೊತ್ತಿರುವುದನ್ನು ಬಿಟ್ಟು, ಗೊತ್ತಿಲ್ಲದ್ದನ್ನು ಬರೆಯುತ್ತದೆ.

ನಮ್ಮ ದೇಶದ ಸ್ಥಿತಿಯೊಡನೆ ಹೋಲಿಸಿದರೆ ಇದರ ವೈಶಿಷ್ಟ್ಯ ಇನ್ನಷ್ಟು ತಿಳಿಯಾಗುತ್ತದೆ. ಮುದಾರಾನ ಪುಸ್ತಕ ಅಚ್ಚಾದ ನಾಲ್ಕು ವರ್ಷಗಳ ಬಳಿಕ, 1550ರಲ್ಲಿ, ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು ‘ಸ್ವರಮೇಳಕಲಾನಿಧಿ’ಯನ್ನು ರಚಿಸಿದನು. ವೀಣೆಯ ಮೆಟ್ಟಿಲುಗಳನ್ನು ಎಲ್ಲೆಲ್ಲಿ ಇಡಬೇಕೆಂಬ ವಿಚಾರ ಅದರಲ್ಲಿ ವಿವರವಾಗಿದೆ. ಆದರೆ ಅದು ಲಕ್ಷಣವನ್ನು ಹೇಳುವ ಗ್ರಂಥ. ಆ ವೀಣೆಯ ಮೇಲೆ ನುಡಿಸಿದ ಕೃತಿಗಳನ್ನು ಬೆರಳು ಬೆರಳಾಗಿ ಬರೆದಿಡುವ ಲಕ್ಷ್ಯಗ್ರಂಥವಲ್ಲ. ದಾಸರ ಪದಗಳಲ್ಲಿ ಸಾಹಿತ್ಯ ಉಳಿದು ಧಾಟಿಯು ಬಾಯಿಂದ ಬಾಯಿಗೆ ಮಾರ್ಪಡುತ್ತ ಬಂದಿತು. ಲ್ಯೂಟಿನಲ್ಲಿ ಉಳಿದಿರುವುದು ಬೆರಳಿನ ಹೆಜ್ಜೆ. ಅಳಿದಿರುವುದು ಅದನ್ನು ನಾದವಾಗಿಸುತ್ತಿದ್ದ ಕೈಯ ರೂಢಿ.

3

ಬೆರಳಿನ ಲಿಪಿಯನ್ನು ಸ್ವರಲಿಪಿಗೆ ತರುವ ಕೆಲಸವನ್ನು ಕೈಗೊಂಡ ಮೊದಲಿಗರಲ್ಲಿ ಇಟಲಿಯ ಒಸ್ಕಾರ್ ಕಿಲೆಸೊತ್ತಿ (1848–1916) ಪ್ರಮುಖರು. ಹದಿನಾರನೆಯ ಶತಮಾನದ ಒಂದು ಲ್ಯೂಟ್ ಹಸ್ತಪ್ರತಿಯಿಂದ ಅವರು ಲಿಪ್ಯಂತರಿಸಿದ ರಚನೆಗಳು 1890ರಲ್ಲಿ ಪ್ರಕಟವಾದುವು. ಸಂಗೀತಗಾರ ರೆಸ್ಪೀಗಿ 1917ರಿಂದ 1931ರ ಅವಧಿಯಲ್ಲಿ ವಾದ್ಯವೃಂದಕ್ಕೆ ಅಳವಡಿಸಿದ ಪ್ರಾಚೀನ ರಾಗ–ನೃತ್ಯಗಳ ಮೂರು ಗುಚ್ಛಗಳಿಗೆ ಕಿಲೆಸೊತ್ತಿಯವರ ಲಿಪ್ಯಂತರಗಳೇ ಮುಖ್ಯ ಆಧಾರ. ಗಿಟಾರ್ ಕಲಿಯುವವರು ಇಂದಿಗೂ ಅವುಗಳಲ್ಲಿ ಕೆಲವನ್ನು ನುಡಿಸುತ್ತಾರೆ. ಆದರೆ ಆ ಹಸ್ತಪ್ರತಿಯು ಕಳೆದುಹೋಗಿದೆ. ಆದುದರಿಂದ ಅದರೊಳಗಿನ ಸಂಗೀತಕ್ಕೆ ಈಗ ಲಿಪ್ಯಂತರವೇ ಆಕರ. ಕಿಲೆಸೊತ್ತಿಯವರು ಒಂದು ಸ್ವರವನ್ನು ಎಷ್ಟು ಕಾಲ ಎಳೆದರು, ಯಾವ ಪಂಕ್ತಿಗೆ ಸೇರಿಸಿದರು ಎಂಬ ಊಹೆಯನ್ನು ಮೂಲದೊಡನೆ ತಾಳೆ ನೋಡುವ ದಾರಿ ಮುಚ್ಚಿಹೋಗಿದೆ. ಅವರ ಪರಿಶ್ರಮವಿಲ್ಲದಿದ್ದರೆ ನಮಗೆ ಏನೂ ಉಳಿಯುತ್ತಿರಲಿಲ್ಲ ಎಂಬುದು ನಿಜ. ಅಂಕಿಗಳನ್ನೂ ಜೊತೆಗೇ ಅಚ್ಚು ಮಾಡಿದ್ದರೆ ಎಲ್ಲವೂ ಉಳಿಯುತ್ತಿತ್ತು ಎಂಬುದೂ ಅಷ್ಟೇ ನಿಜ.

ಕಾಪಿರೋಲಾನ ಹಸ್ತಪ್ರತಿಯ ಲಿಪಿಕಾರ ವಿದಾಲ್ ಈ ಅಪಾಯವನ್ನು ಮೊದಲೇ ಕಂಡಿದ್ದನು. ಸಂಗೀತ ತಿಳಿಯದವರ ಕೈಗೆ ಪುಸ್ತಕ ಸಿಕ್ಕರೂ ಚಿತ್ರಗಳ ಚೆಲುವಿಗಾಗಿಯಾದರೂ ಅದನ್ನು ಅವರು ಕಾಪಾಡಲಿ ಎಂದು ಅಂಚುಗಳಲ್ಲಿ ಪ್ರಾಣಿ–ಪಕ್ಷಿ–ಸಸ್ಯಗಳನ್ನು ಬರೆದುದಾಗಿ ಅವನೇ ಹೇಳಿಕೊಂಡಿದ್ದಾನೆ. ಅವನ ಎಣಿಕೆ ಫಲಿಸಿತು. ಓಲೆಗರಿಗಳ ಅಳಿವು–ಉಳಿವಿನ ಕಥೆಯನ್ನು ಬಲ್ಲ ನಮಗೆ ಈ ಮಾತಿನ ತೂಕವನ್ನು ವಿವರಿಸಬೇಕಾಗಿಲ್ಲ.

ಮುಂದಿನ ತಲೆಮಾರಿನ ಎಮಿಲಿಯೊ ಪೂಜೊಲ್ (1886–1980) ಗಿಟಾರ್ ವಾದಕರಾಗಿ, ತಾರೆಗಾನ ಶಿಷ್ಯರಾಗಿ ಈ ಕ್ಷೇತ್ರಕ್ಕೆ ಬಂದವರು. 1936ರಲ್ಲಿ ಪ್ಯಾರಿಸ್ಸಿನ ಒಂದು ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದ ವಿಹುವೆಲಾ ವಾದ್ಯವನ್ನು ಗುರುತಿಸಿದುದು, ನಾರ್ವಾಯೆಸ್, ಮುದಾರಾ ಮತ್ತು ವಾಲ್ದೆರಾಬಾನೊ ಇವರ ಪುಸ್ತಕಗಳನ್ನು ಕ್ರಮವಾಗಿ 1945, 1949 ಮತ್ತು 1965ರಲ್ಲಿ ಸಂಪಾದಿಸಿದುದು ಅವರ ಮುಖ್ಯ ಸಾಧನೆಗಳು. ವಾದಕನ ಬೇಡಿಕೆಯೂ ವಿದ್ವಾಂಸನ ಬೇಡಿಕೆಯೂ ಒಬ್ಬರಲ್ಲಿಯೇ ಕೂಡಿದಾಗ ಆಗುವ ಲಾಭಕ್ಕೆ ಅವರು ಒಳ್ಳೆಯ ನಿದರ್ಶನ.

1950ರ ದಶಕದಿಂದ ಈಚೆಗೆ ಪರಿಸ್ಥಿತಿ ಬದಲಾಯಿತು. ಇಂಗ್ಲೆಂಡಿನಲ್ಲಿ 1956ರಲ್ಲಿ ಲ್ಯೂಟ್ ಸೊಸೈಟಿ ಸ್ಥಾಪಿತವಾಯಿತು. ಅಮೆರಿಕದಲ್ಲಿ 1966ರಲ್ಲಿ ಅಂತಹುದೇ ಸಂಸ್ಥೆ ಹುಟ್ಟಿತು. ಫ್ರಾನ್ಸಿನಲ್ಲಿ ಆರಂಭವಾದ ಫ್ರೆಂಚ್ ಲ್ಯೂಟ್ ಕೃತಿಗಳ ಮಾಲೆಯು ಟ್ಯಾಬ್ಲೇಚರನ್ನೂ ಅದರ ಲಿಪ್ಯಂತರವನ್ನೂ ಒಂದರ ಕೆಳಗೊಂದು ಅಚ್ಚು ಮಾಡುವ ಪದ್ಧತಿಯನ್ನು ನೆಲೆಗೊಳಿಸಿತು. ಹೊವರ್ಡ್ ಮೇಯರ್ ಬ್ರೌನ್ ಅವರು 1965ರಲ್ಲಿ ಪ್ರಕಟಿಸಿದ, 1600ಕ್ಕಿಂತ ಮೊದಲು ಅಚ್ಚಾದ ವಾದ್ಯಸಂಗೀತದ ಸೂಚಿಯು ಆಕರಗಳ ಭೂಪಟವನ್ನೇ ಬರೆದುಕೊಟ್ಟಿತು. ಡಯಾನಾ ಪೋಲ್ಟನ್ ಮತ್ತು ಬೇಸಿಲ್ ಲ್ಯಾಮ್ ಅವರು 1974ರಲ್ಲಿ ಹೊರತಂದ ಜಾನ್ ಡೌಲಂಡನ (1563–1626) ಸಮಗ್ರ ಲ್ಯೂಟ್ ಕೃತಿಗಳ ಸಂಪುಟ ಈ ಘಟ್ಟದ ಮಹತ್ವದ ಫಲ. ಅಲ್ಲಿಯೂ ಎರಡು ಲಿಪಿಗಳು ಜೊತೆಯಾಗಿವೆ. ಸಂಪಾದಕರ ಊಹೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಓದುಗನು ಕಣ್ಣಾರೆ ಕಾಣಬಹುದು.

ಆದರೂ ಈ ಸಂಪುಟದ ಬಗ್ಗೆ ಒಂದು ಆಕ್ಷೇಪಕ್ಕೆ ಅವಕಾಶವಿದೆ. ತನಗೆ ತಿಳಿಯದಂತೆ ತನ್ನ ಲ್ಯೂಟ್ ರಚನೆಗಳನ್ನು ತಪ್ಪುತಪ್ಪಾಗಿ ಅಚ್ಚು ಮಾಡಿದ್ದಾರೆಂದು ಡೌಲಂಡ್ 1597ರ ತನ್ನ ಮೊದಲ ಗೀತಸಂಪುಟದಲ್ಲಿ ದೂರಿದ್ದಾನೆ. ಅವನ ಒಂದೊಂದು ಪ್ರಸಿದ್ಧ ರಚನೆಯೂ ಹಲವು ಕೈಗಳ ಹಲವು ಪ್ರತಿಗಳಲ್ಲಿ, ಅಲಂಕಾರ–ಆವೃತ್ತಿಗಳ ವ್ಯತ್ಯಾಸದೊಡನೆ ದೊರೆಯುತ್ತದೆ. ಪೋಲ್ಟನ್ ಅವರು ಒಂದೊಂದಕ್ಕೂ ಕ್ರಮಸಂಖ್ಯೆಯನ್ನು ಕೊಟ್ಟರು. ಲೋಕವು ಅದನ್ನು ಒಪ್ಪಿಕೊಂಡಿತು. ಸಂಖ್ಯೆಯು ಸೂಚಿಗೆ ಅನುಕೂಲ. ಆದರೆ ಪ್ರವಹಿಸುತ್ತಿದ್ದ ಒಂದು ವಾದನಸಂಪ್ರದಾಯಕ್ಕೆ ಅದು ಸ್ಥಿರವಾದ ‘ಕೃತಿ’ಯ ರೂಪವನ್ನು ಕೊಟ್ಟುಬಿಡುತ್ತದೆ. ಪಾಠಾಂತರಗಳೆಲ್ಲ ಒಂದು ಶುದ್ಧಪಾಠದಿಂದ ಜಾರಿದ ದೋಷಗಳಲ್ಲ; ಅವುಗಳಲ್ಲಿ ಕೆಲವು ಬೇರೆ ಬೇರೆ ವಾದಕರ ಅರ್ಥಪೂರ್ಣ ನುಡಿಸಾಣಿಕೆಗಳು. ಈ ವಿವೇಚನೆಗೆ ಮುಂದಿನ ಸಂಪಾದಕರು ಇನ್ನೂ ಹೆಚ್ಚಿನ ಸ್ಥಳವನ್ನು ಕೊಡಬೇಕಾಗಿದೆ.

4

ಕರ್ತೃತ್ವದ ಪ್ರಶ್ನೆಗೆ ಬಂದರೆ, ಈ ಕ್ಷೇತ್ರದ ಅತ್ಯಂತ ಬೋಧಪ್ರದವಾದ ಪ್ರಕರಣ ಸಿಲ್ವಿಯಸ್ ಲಿಯೊಪೋಲ್ಡ್ ವೈಸನದು. ಡ್ರೆಸ್ಡನ್ ಆಸ್ಥಾನದ ಲ್ಯೂಟ್ ವಾದಕನಾಗಿದ್ದ ಇವನು 1750ರಲ್ಲಿ, ಬಾಕ್ ತೀರಿಕೊಂಡ ವರ್ಷದಲ್ಲಿಯೇ, ತೀರಿಕೊಂಡನು. ಆಂದ್ರೆಸ್ ಸೆಗೋವಿಯಾ (1893–1987) ಗಿಟಾರನ್ನು ದೊಡ್ಡ ಸಭಾಂಗಣಗಳಿಗೆ ಒಯ್ಯುತ್ತಿದ್ದ ದಿನಗಳಲ್ಲಿ ಅವರಿಗೆ ಒಂದು ಕೊರತೆಯಿತ್ತು. ಪಿಯಾನೊ, ವಯಲಿನ್‌ಗಳಿಗೆ ಹದಿನೆಂಟನೆಯ ಶತಮಾನದ ಮಹಾಕೃತಿಗಳಿದ್ದುವು. ಗಿಟಾರಿಗೆ ಆ ಕಾಲದಿಂದ ಸಭೆಗೆ ಒಪ್ಪುವಂತಹವು ಕೈಗೆ ಸಿಕ್ಕಿರಲಿಲ್ಲ. ಅವರ ಸ್ನೇಹಿತರಾದ ಮೆಕ್ಸಿಕೊದ ಸಂಗೀತರಚನಕಾರ ಮಾನ್ವೆಲ್ ಪೋನ್ಸೆ (1882–1948) 1929ರಲ್ಲಿ ಹಳೆಯ ಶೈಲಿಯಲ್ಲಿ ಒಂದು ನೃತ್ಯಮಾಲಿಕೆಯನ್ನು ರಚಿಸಿಕೊಟ್ಟರು. ಅದು ವೈಸನ ಕೃತಿಯೆಂದು ಸಭೆಯ ಮುಂದೆ ಬಂದಿತು. 1930ರಲ್ಲಿ ಸೆಗೋವಿಯಾ ಅದನ್ನು ಧ್ವನಿಮುದ್ರಿಸಿದರು. ಪೋನ್ಸೆಯವರ ಇನ್ನೊಂದು ಮಾಲಿಕೆ ಅಲೆಸಾಂದ್ರೊ ಸ್ಕಾರ್ಲಾತಿಯ ಹೆಸರನ್ನು ಹೊತ್ತಿತು. ಸೆಗೋವಿಯಾ ಪೋನ್ಸೆಯವರಿಗೆ ಬರೆದ ಪತ್ರಗಳನ್ನು ಮಿಗೆಲ್ ಅಲ್ಕಾಸರ್ ಅವರು 1989ರಲ್ಲಿ ಸಂಪಾದಿಸಿ ಪ್ರಕಟಿಸಿದ ಮೇಲೆ ಈ ವ್ಯವಹಾರದ ಒಳಗು ಎಲ್ಲರಿಗೂ ತೆರೆದಿದೆ.

ಇದನ್ನು ಇಬ್ಬರು ಗೆಳೆಯರ ವಿನೋದವೆಂದು ನಕ್ಕು ಬಿಡುವವರುಂಟು. ವಯಲಿನ್ ವಾದಕ ಕ್ರೈಸ್ಲರ್ ಕೂಡ ತಮ್ಮ ರಚನೆಗಳಿಗೆ ಹಿಂದಿನವರ ಹೆಸರಿಟ್ಟಿದ್ದುದನ್ನು 1935ರಲ್ಲಿ ಒಪ್ಪಿಕೊಂಡರು. ಪೋನ್ಸೆಯವರ ಮಾಲಿಕೆ ಸುಂದರವಾದುದೆಂಬುದರಲ್ಲಿಯೂ ನಮಗೆ ಸಂದೇಹವಿಲ್ಲ. ನಮ್ಮ ಆಕ್ಷೇಪ ನೀತಿಯದಲ್ಲ, ಇತಿಹಾಸದ್ದು. ನಿಜವಾದ ವೈಸನ ಆರುನೂರಕ್ಕೂ ಹೆಚ್ಚು ರಚನೆಗಳು ಲಂಡನ್, ಡ್ರೆಸ್ಡನ್ ಮುಂತಾದ ಕಡೆಗಳ ಹಸ್ತಪ್ರತಿಗಳಲ್ಲಿ ಇದ್ದುವು. ಇಲ್ಲದ ವೈಸನು ಸಭೆಗಳಲ್ಲಿ ಕೇಳಿಬರುತ್ತಿದ್ದಾಗ ಇರುವ ವೈಸನು ಕಪಾಟಿನಲ್ಲಿ ಉಳಿದನು. ಅವನ ಕೃತಿಗಳ ಸಮಗ್ರ ಸಂಪಾದನೆ ಡಗ್ಲಸ್ ಆಲ್ಟನ್ ಸ್ಮಿತ್ ಅವರಿಂದ ಆರಂಭವಾದುದು 1980ರ ದಶಕದಲ್ಲಿ. ಅದನ್ನು ಟಿಮ್ ಕ್ರಾಫರ್ಡ್ ಮುಂದುವರಿಸಿದರು. ಆ ಸಂಪುಟಗಳ ವೈಸನಿಗೂ ಪೋನ್ಸೆ ಕಲ್ಪಿಸಿದ ವೈಸನಿಗೂ ಹೋಲಿಕೆ ಅಲ್ಪ. ಹದಿಮೂರು ಜೋಡಿ ತಂತಿಗಳ ವಾದ್ಯದ ಮಂದ್ರದಲ್ಲಿ ಉದ್ದುದ್ದಕ್ಕೆ ಹಬ್ಬಿ ನಿಧಾನವಾಗಿ ಬೆಳೆಯುವ ವಾಕ್ಯಗಳು ಅವನವು. ಆರು ತಂತಿಗಳ ಗಿಟಾರಿಗೆ ಅಳೆದು ಹೊಲಿದವಲ್ಲ.

ಇಲ್ಲಿ ದಾಸಸಾಹಿತ್ಯದ ಅಂಕಿತದ ಸಮಸ್ಯೆ ನೆನಪಿಗೆ ಬಾರದಿರದು. ಒಂದು ಪದದ ಕೊನೆಯಲ್ಲಿ ಪುರಂದರವಿಠಲನ ಅಂಕಿತವಿದೆಯೆಂಬುದರಿಂದಲೇ ಅದು ಪುರಂದರದಾಸರ ರಚನೆಯೆಂದು ಸಿದ್ಧವಾಗುವುದಿಲ್ಲ ಎಂಬುದನ್ನು ನಮ್ಮ ಸಂಪಾದಕರು ಬಲ್ಲರು. ಆದರೆ ಅಲ್ಲಿ ಹಿರಿಯರ ಅಂಕಿತವನ್ನು ಹಾಕಿದವನು ಭಕ್ತಿಯಿಂದಲೋ ಮರೆವಿನಿಂದಲೋ ಹಾಕಿದನು. ಇಲ್ಲಿ ಒಂದು ವಾದ್ಯಕ್ಕೆ ಕುಲೀನ ಪೂರ್ವಜರನ್ನು ಒದಗಿಸುವುದು ಉದ್ದೇಶವಾಗಿತ್ತು. ಪ್ರಾಚೀನತೆಯಿಂದ ಮರ್ಯಾದೆಯನ್ನು ಸಂಪಾದಿಸಬೇಕೆಂಬ ತವಕ ಯಾವ ಕಲೆಗೂ ಯಾವ ಭಾಷೆಗೂ ಹೊರತಲ್ಲ. ಅದು ಸಂಶೋಧನೆಗೆ ಪ್ರೇರಣೆಯಾಗಬಹುದು, ಪ್ರಮಾಣವಾಗಲಾರದು.

5

ವಂಚನೆಯ ಲೇಶವೂ ಇಲ್ಲದೆಯೇ ಇಂತಹುದೇ ಪರಿಣಾಮ ಆಗಬಹುದೆಂಬುದಕ್ಕೆ ಬಾಕನ ‘ಲ್ಯೂಟ್ ಮಾಲಿಕೆ’ಗಳು ಸಾಕ್ಷಿ. ಬಾಕ್ ಲ್ಯೂಟಿಗೆಂದು ಬರೆದನೆನ್ನಲಾದ ರಚನೆಗಳನ್ನು ಹಾನ್ಸ್ ಡಾಗೊಬರ್ಟ್ ಬ್ರೂಗರ್ 1921ರಲ್ಲಿ ಒಂದೇ ಸಂಪುಟದಲ್ಲಿ ಕೂಡಿಸಿದರು. ಅಂದಿನಿಂದ ನಾಲ್ಕು ‘ಲ್ಯೂಟ್ ಮಾಲಿಕೆ’ಗಳೆಂಬ ಒಂದು ಗುಂಪು ಗಿಟಾರ್ ವಾದಕರ ಬಾಯಲ್ಲಿ ನೆಲೆಯೂರಿತು. ಆಕರಗಳು ಬೇರೆಯೇ ಕಥೆಯನ್ನು ಹೇಳುತ್ತವೆ. ಬಾಕನ ಕೃತಿಸೂಚಿಯ 995ನೆಯ ರಚನೆಯ ಸ್ವಹಸ್ತಪ್ರತಿ ಬ್ರಸೆಲ್ಸ್‌ನಲ್ಲಿದೆ. ಅದರಲ್ಲಿ ಲ್ಯೂಟಿನ ಹೆಸರಿದೆ. ಆದರೆ ಕೃತಿಯು ಐದನೆಯ ಚೆಲ್ಲೊ ಮಾಲಿಕೆಯ ರೂಪಾಂತರ. 996ನೆಯದು ವಾಲ್ಟರ್ ಎಂಬವನ ಪ್ರತಿಯಲ್ಲಿ ಉಳಿದಿದೆ. ಅದರ ಮೇಲೆ ಬೇರೊಂದು ಕೈ ಬರೆದಿರುವುದು ‘ಲೌಟನ್‌ವೆರ್ಕ್’ ಎಂಬ, ಕರುಳಿನ ತಂತಿಗಳ ಕೀಲಿಮಣೆಯ ವಾದ್ಯದ ಹೆಸರು. 998ನೆಯದರ ಸ್ವಹಸ್ತಪ್ರತಿಯಲ್ಲಿ ಲ್ಯೂಟ್ ‘ಅಥವಾ’ ಚೆಂಬಾಲೊ ಎಂದಿದೆ. 1006ಎ ರಚನೆಯು ಮೂರನೆಯ ವಯಲಿನ್ ಪಾರ್ತೀತದ ರೂಪಾಂತರ. ಅದರ ಸ್ವಹಸ್ತಪ್ರತಿಯಲ್ಲಿ ವಾದ್ಯದ ಹೆಸರೇ ಇಲ್ಲ. ಬಾಕನ ಕೈಬರಹದಲ್ಲಿರುವ ಯಾವ ಪ್ರತಿಯೂ ಟ್ಯಾಬ್ಲೇಚರಿನಲ್ಲಿಲ್ಲ. ಟ್ಯಾಬ್ಲೇಚರಿನಲ್ಲಿ ಉಳಿದಿರುವುವು ವೈರಾಖ್ ಮೊದಲಾದ ಲ್ಯೂಟ್ ಬಲ್ಲ ಸಮಕಾಲೀನರು ಇಳಿಸಿಕೊಂಡವು. ಅವರು ಇಳಿಸುವಾಗ ವಾದ್ಯಕ್ಕೆ ಒಪ್ಪುವಂತೆ ಮಾರ್ಪಾಟುಗಳನ್ನೂ ಮಾಡಿದ್ದಾರೆ.

ಬಾಕ್ ತೀರಿಕೊಂಡಾಗ ಬರೆದ ಆಸ್ತಿಪಟ್ಟಿಯಲ್ಲಿ ಎರಡು ಲೌಟನ್‌ವೆರ್ಕ್‌ಗಳೂ ಒಂದು ಲ್ಯೂಟೂ ಸೇರಿವೆ. 1739ರಲ್ಲಿ ವೈಸನು ಲೈಪ್‌ಜಿಗ್‌ನಲ್ಲಿ ಬಾಕನ ಮನೆಗೆ ಬಂದು ನುಡಿಸಿದುದಕ್ಕೆ ಪತ್ರದ ಆಧಾರವಿದೆ. ವಯಲಿನ್ ಮತ್ತು ಕೀಲಿಮಣೆಗೆ ಬರೆದ 1025ನೆಯ ರಚನೆಯು ವೈಸನ ಒಂದು ಲ್ಯೂಟ್ ಮಾಲಿಕೆಯ ಮೇಲೆ ಕಟ್ಟಿದ್ದೆಂಬುದು 1990ರ ದಶಕದ ಆರಂಭದಲ್ಲಿ ಗೊತ್ತಾಯಿತು. ಇವೆಲ್ಲವನ್ನೂ ಕೂಡಿಸಿ ನೋಡಿದಾಗ, ಬಾಕನಿಗೆ ಲ್ಯೂಟಿನ ನಾದದಲ್ಲಿ ಆಳವಾದ ಆಸಕ್ತಿಯಿತ್ತೆಂದು ಧೈರ್ಯವಾಗಿ ಹೇಳಬಹುದು. ನಾಲ್ಕು ‘ಲ್ಯೂಟ್ ಮಾಲಿಕೆ’ಗಳ ಒಂದು ಗುಂಪನ್ನು ಅವನು ರಚಿಸಿದನೆಂದು ಹೇಳಲಾಗದು. ಆ ಗುಂಪನ್ನು ರಚಿಸಿದವರು ಸಂಪಾದಕರು. ಬಾಕನ ನಾದಕಲ್ಪನೆಯನ್ನು ವಾದ್ಯದ ಹೆಸರಿನೊಳಗೆ ಕಟ್ಟಿಹಾಕಿದುದರಿಂದ, ವಾದ್ಯದಿಂದ ವಾದ್ಯಕ್ಕೆ ದಾಟುವ ಅವನ ಸ್ವಭಾವವೇ ಮರೆಯಾಯಿತೆಂಬುದು ನಮ್ಮ ಅಭಿಪ್ರಾಯ.

ಗಿಟಾರಿನ ಸ್ವಂತ ಇತಿಹಾಸವು ಗಂಭೀರ ಅಧ್ಯಯನಕ್ಕೆ ಒಳಗಾದುದು ತಡವಾಗಿ. ಮೌರೊ ಜೂಲಿಯಾನಿ ಮತ್ತು ವಿಯೆನ್ನಾದ ಗಿಟಾರ್ ಸಂಸ್ಕೃತಿಯನ್ನು ಕುರಿತ ಥಾಮಸ್ ಹೆಕ್ ಅವರ ಪ್ರಬಂಧ 1970ರದು; ಫೆರ್ನಾಂಡೊ ಸೋರ್‌ನನ್ನು ಕುರಿತ ಬ್ರಯನ್ ಜೆಫ್ರಿಯವರ ಗ್ರಂಥ 1977ರದು. ಈ ಅಧ್ಯಯನಗಳು ಗಿಟಾರಿಗೆ ಎರವಲು ಪೂರ್ವಜರ ಅಗತ್ಯವಿಲ್ಲವೆಂಬುದನ್ನು ತೋರಿಸಿಕೊಟ್ಟುವು. ಇನ್ನೂ ಹಿಂದಕ್ಕೆ ಹೋದರೆ, ಗಾಸ್ಪಾರ್ ಸಾನ್ಸ್‌ನ 1674ರ ಪುಸ್ತಕವು ಒಂದು ಹೊಸ ಎಚ್ಚರಿಕೆಯನ್ನು ಕೊಡುತ್ತದೆ. ಐದು ಜೋಡಿ ತಂತಿಗಳ ಅಂದಿನ ಗಿಟಾರಿನಲ್ಲಿ ನಾಲ್ಕನೆಯ ಮತ್ತು ಐದನೆಯ ಜೋಡಿಗೆ ಸ್ಪೇನಿನವರು ದಪ್ಪ ಮಂದ್ರತಂತಿಯನ್ನೂ ಕಟ್ಟುತ್ತಿದ್ದರೆಂದೂ, ರೋಮಿನ ವಾದಕರು ತೆಳುತಂತಿಗಳನ್ನೇ ಕಟ್ಟುತ್ತಿದ್ದರೆಂದೂ ಅವನು ತಿಳಿಸಿ, ಬಿಡಿಸ್ವರಗಳ ಸೂಕ್ಷ್ಮ ವಾದನಕ್ಕೆ ಎರಡನೆಯದನ್ನು ಮೆಚ್ಚುತ್ತಾನೆ. ಹಾಗೆ ಕಟ್ಟಿದಾಗ ಐದನೆಯ ತಂತಿಯ ಸ್ವರವು ಮೂರನೆಯದಕ್ಕಿಂತ ಮೇಲಕ್ಕೆ ಬರುತ್ತದೆ. ಗಂಟೆಗಳಂತೆ ಸ್ವರಗಳು ಒಂದರ ಮೇಲೊಂದು ಅನುರಣಿಸುತ್ತವೆ. ಅದೇ ಅಂಕಿಗಳನ್ನು ಇಂದಿನ ಗಿಟಾರಿನ ತಂತಿಗಳಿಗೆ ಹೊಂದಿಸಿ ಓದಿದರೆ ಸರಳವಾದ ಸ್ವರಸರಣಿಯು ಮೇಲಕ್ಕೂ ಕೆಳಕ್ಕೂ ಜಿಗಿಯುವ ಒರಟು ಸಾಲಾಗುತ್ತದೆ. ಅಕ್ಷರವನ್ನು ಸರಿಯಾಗಿ ಓದಿಯೂ ಪಾಠವನ್ನು ತಪ್ಪಾಗಿ ತಿಳಿಯಬಹುದು.

6

1999ರಿಂದ ಟಿಮ್ ಕ್ರಾಫರ್ಡ್ ಮತ್ತು ಅವರ ಸಹೋದ್ಯೋಗಿಗಳು ಲ್ಯೂಟ್ ಸಂಗೀತದ ಒಂದು ಗಣಕಕೋಶವನ್ನು ಕಟ್ಟಲು ತೊಡಗಿದರು. ಮೂಲಪುಟದ ಬಿಂಬವೂ ಗಣಕಕ್ಕೆ ಇಳಿಸಿದ ಟ್ಯಾಬ್ಲೇಚರೂ ಇಂದು ದೂರದ ಓದುಗನಿಗೂ ದೊರೆಯಬಲ್ಲವು. ಗ್ರಂಥಾಲಯಗಳಿಂದ ದೂರವಿದ್ದು ಕೆಲಸ ಮಾಡುವ ನಮ್ಮಂತಹವರಿಗೆ ಇದರ ಮಹತ್ವವೇನೆಂಬುದು ಅನುಭವದಿಂದಲೇ ಗೊತ್ತು. ಆದರೆ ಬಿಂಬವು ದೊರೆತುದರಿಂದ ಸಂಪಾದಕನ ಕೆಲಸ ಮುಗಿಯುವುದಿಲ್ಲ. ಬಿಂಬವು ಅವನನ್ನು ಉತ್ತರದಾಯಿಯನ್ನಾಗಿ ಮಾಡುತ್ತದೆ. ಕಿಲೆಸೊತ್ತಿಯವರ ಲಿಪ್ಯಂತರವನ್ನು ಪರೀಕ್ಷಿಸಲಾಗದ ಸ್ಥಿತಿ ಇನ್ನು ಮುಂದಿನವರಿಗೆ ಬರಬಾರದು.

ಹಾಗಾದರೆ ವಾದಕನಿಗೆ ಹಳೆಯದನ್ನು ತನ್ನದಾಗಿ ಮಾಡಿಕೊಳ್ಳುವ ಸ್ವಾತಂತ್ರ್ಯವಿಲ್ಲವೆ? ಇದೆ. ಬೆಂಜಮಿನ್ ಬ್ರಿಟನ್ 1963ರಲ್ಲಿ ಜೂಲಿಯನ್ ಬ್ರೀಮ್ ಅವರಿಗಾಗಿ ಗಿಟಾರಿಗೆ ರಚಿಸಿದ ‘ನಾಕ್ಟರ್ನಲ್’ ಅದಕ್ಕೆ ಉತ್ತರ. ಡೌಲಂಡನ 1597ರ ಸಂಪುಟದ ನಿದ್ರೆಯ ಗೀತೆಯೊಂದು ಅದರ ಆಧಾರ. ರೂಪಾಂತರಗಳೆಲ್ಲ ಮೊದಲು ಬಂದು, ಮೂಲಗೀತೆ ಕೊನೆಯಲ್ಲಿ ಕೇಳಿಬರುತ್ತದೆ. ಡೌಲಂಡನನ್ನು ಅನುಸರಿಸಿದುದೆಂದು ಶೀರ್ಷಿಕೆಯಲ್ಲಿಯೇ ಹೇಳಿದೆ. ಯಾವುದು ಡೌಲಂಡನದು, ಯಾವುದು ಬ್ರಿಟನ್ನನದು ಎಂಬುದರಲ್ಲಿ ಕೇಳುವವನಿಗೆ ಗೊಂದಲವಿಲ್ಲ. ಎರಡರ ನಡುವಿನ ನಾಲ್ಕು ಶತಮಾನಗಳ ಅಂತರವೇ ಕೃತಿಯ ವಸ್ತುವಾಗಿದೆ. ಪೋನ್ಸೆಯವರ ಮಾಲಿಕೆ ಆ ಅಂತರವನ್ನು ಮುಚ್ಚಿತು. ಬ್ರಿಟನ್ನನ ಕೃತಿ ಅದನ್ನು ತೆರೆದು ತೋರಿಸಿತು.

ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಬಿತ್ತಿದ ಶಿಸ್ತಿಗೂ ಈ ಪಾಶ್ಚಾತ್ಯ ವಾದ್ಯಗಳ ವಿದ್ವತ್ತು ಒಂದು ಶತಮಾನದ ಅಲೆದಾಟದ ಬಳಿಕ ಮುಟ್ಟಿರುವ ನಿಲುವಿಗೂ ಮೂಲತಃ ವಿರೋಧವಿಲ್ಲ. ಸಂಪಾದಕನು ಊಹಿಸದೆ ಇರಲಾರನು. ಊಹೆಯು ಪಾಠದ ವೇಷವನ್ನು ತೊಡದಂತೆ ನೋಡಿಕೊಳ್ಳುವುದು ಅವನ ಹೊಣೆ. ಬೆರಳಿನ ಲಿಪಿಯಿಂದ ಸ್ವರವನ್ನು ಬಿಡಿಸುವವನಿಗೂ ಓಲೆಗರಿಯಿಂದ ಪದ್ಯವನ್ನು ಬಿಡಿಸುವವನಿಗೂ ಈ ಹೊಣೆ ಸಮಾನವಾದುದು.